ವರ್ಷವಿಡೀ ಕಾಡುವ ಮೂಗಿನ ಅಲರ್ಜಿ: ಚುಚ್ಚುಮದ್ದೋ, ನಾಲಿಗೆಯಡಿಯ ಹನಿಯೋ?

ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೇ ಸಾಲಾಗಿ ಹತ್ತು ಹದಿನೈದು ಸೀನು, ಮೂಗಿನಿಂದ ನೀರು, ಕಣ್ಣು ಮತ್ತು ಅಂಗುಳಿನಲ್ಲಿ ತುರಿಕೆ, ರಾತ್ರಿ ಮೂಗು ಕಟ್ಟಿ ಬಾಯಿಂದ ಉಸಿರಾಟ. ಜ್ವರವಿಲ್ಲ, ಮೈಕೈ ನೋವಿಲ್ಲ. ಮಳೆಗಾಲ, ಚಳಿಗಾಲ, ಬೇಸಿಗೆ ಎಂಬ ಭೇದವೂ ಇಲ್ಲ. 'ನೆಗಡಿ ತಾನೆ, ಹೋಗುತ್ತದೆ ಬಿಡು' ಎಂದು ಮನೆಯವರು ಹೇಳುತ್ತಾ ವರ್ಷಗಳೇ ಕಳೆದಿರುತ್ತವೆ. ಇಂಥವರು ಹೊರರೋಗಿ ವಿಭಾಗಕ್ಕೆ ಬಂದಾಗ ನಮ್ಮನ್ನು ಕೇಳುವ ಪ್ರಶ್ನೆ ಒಂದೇ: "ಸಿಸ್ಟರ್, ಎಷ್ಟ ದಿನಾ ಅಂತ ಗುಳಿಗಿ ನುಂಗೂದ್ರಿ? ಬೇರ ಸಮೇತ ಕೀಳೂ ಔಷಧ ಇಲ್ಲೇನ್ರಿ?"

ಬೇರು ಸಮೇತ ಕೀಳುವ ಔಷಧ ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಆದರೆ ಅಲರ್ಜಿಯ ಮೂಲಕ್ಕೇ ಕೈ ಹಾಕುವ ಒಂದು ಚಿಕಿತ್ಸೆ ಇರುವುದು ನಿಜ. ವೈದ್ಯರು ಅದನ್ನು ಇಮ್ಯುನೊಥೆರಪಿ ಎನ್ನುತ್ತಾರೆ, ಜನರ ಬಾಯಲ್ಲಿ ಅದು 'ಅಲರ್ಜಿ ಇಂಜೆಕ್ಷನ್' ಅಥವಾ 'ಅಲರ್ಜಿ ಹನಿ'. ಇವೆರಡರಲ್ಲಿ ಯಾವುದನ್ನು ಆರಿಸಬೇಕು, ಆರಿಸುವ ಮೊದಲು ಏನನ್ನು ಯೋಚಿಸಬೇಕು ಎಂಬುದನ್ನು ರೋಗಿಗಳಿಗೂ ಅವರ ಜೊತೆ ಬಂದವರಿಗೂ ತಿಳಿಸುವುದು ಈ ಪಾಠದ ಉದ್ದೇಶ.

ಯಾವುದಕ್ಕೆ ಅಲರ್ಜಿ?

ವರ್ಷವಿಡೀ ಮೂಗು ಸೋರುವವರಲ್ಲಿ ಹೆಚ್ಚಾಗಿ ಕಂಡುಬರುವ ಕಾರಣ ಮನೆಯ ಧೂಳಿನಲ್ಲಿರುವ ನುಸಿ. ಮೆಣಸಿನ ಗಿಡದ ಎಲೆ ಮುರುಟುವಂತೆ ಮಾಡುವ ನುಸಿ ರೈತರಿಗೆಲ್ಲ ಗೊತ್ತು. ಇದು ಅದೇ ಬಳಗದ್ದು, ಆದರೆ ಗಿಡ ತಿನ್ನುವುದಿಲ್ಲ, ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದು ಬದುಕುತ್ತದೆ. ಗಾತ್ರ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ, ಬರಿಗಣ್ಣಿಗೆ ಕಾಣುವುದಿಲ್ಲ. ಗಾದಿ, ತಲೆದಿಂಬು, ಕಂಬಳಿ, ವರ್ಷಗಟ್ಟಲೆ ಒಗೆಯದ ಕೌದಿ ಇವೇ ಅದರ ಮನೆ. ಮನೆ ಧೂಳಿನ ಅಲರ್ಜಿಗೆ ಈ ನುಸಿಯೇ ಮುಖ್ಯ ಕಾರಣವೆಂದು 1960ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿಗಳು ತೋರಿಸಿಕೊಟ್ಟರು. ಅಲರ್ಜಿ ತರುವುದು ನುಸಿಯ ಕಡಿತವಲ್ಲ (ಅದು ಕಡಿಯುವುದೇ ಇಲ್ಲ), ಅದರ ಮಲದ ಪುಡಿ ಮತ್ತು ಸತ್ತ ದೇಹದ ಚೂರುಗಳು. ಹಾಸಿಗೆ ಕೊಡವಿದಾಗ ಸೀನು ಬರುವುದು ಇದಕ್ಕೇ.

ಜಿರಳೆ, ಬೂಷ್ಟು, ಬೆಕ್ಕು ನಾಯಿಗಳ ಹೊಟ್ಟು ಕೂಡ ವರ್ಷವಿಡೀ ತೊಂದರೆ ಕೊಡಬಲ್ಲವು. ಜೊತೆಗೆ ನಮ್ಮ ನಾಡಿನದೇ ಒಂದು ಪೀಡೆ ಇದೆ: ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಸ. ಪರಾಗದ ಅಲರ್ಜಿ ಬೇರೆ ದೇಶಗಳಲ್ಲಿ ಒಂದೆರಡು ತಿಂಗಳಿನದು. ಇಲ್ಲಿ ಮಳೆಯ ಹನಿ ಬಿದ್ದಾಗಲೆಲ್ಲ ಈ ಕಸ ಚಿಗುರಿ ಹೂ ಬಿಡುವುದರಿಂದ ಅದರ ಪರಾಗ ವರ್ಷದ ಬಹುಕಾಲ ಗಾಳಿಯಲ್ಲಿರುತ್ತದೆ. ಅದು ಚರ್ಮಕ್ಕೆ ಮಾತ್ರವಲ್ಲ, ಮೂಗಿಗೂ ಅಲರ್ಜಿ ತರುತ್ತದೆ ಎಂಬುದನ್ನು ಬೆಂಗಳೂರಿನಲ್ಲಿ ನಡೆದ ಅಧ್ಯಯನಗಳು ತೋರಿಸಿವೆ.

ಇನ್ನೊಂದು ಮಾತು. ಒಗ್ಗರಣೆಯ ಘಾಟಿಗೆ, ಒಲೆಯ ಹೊಗೆಗೆ, ಊದಿನಕಡ್ಡಿಗೆ ಸೀನು ಬರುವುದು ಅಲರ್ಜಿಯಲ್ಲ, ಅದು ಬರಿಯ ಕೆರಳಿಕೆ. ಇದಕ್ಕೆ ಇಮ್ಯುನೊಥೆರಪಿ ಇಲ್ಲ, ಹೊಗೆಯಿಂದ ದೂರವಿರುವುದೇ ಉಪಾಯ. ಮೂಗು ಯಾವಾಗಲೂ ಒಂದೇ ಕಡೆ ಕಟ್ಟುತ್ತಿದ್ದರೆ, ರಕ್ತ ಅಥವಾ ದುರ್ವಾಸನೆಯ ಕೀವು ಬರುತ್ತಿದ್ದರೆ ಅದನ್ನು ಅಲರ್ಜಿ ಎಂದುಕೊಂಡು ಸುಮ್ಮನಿರದೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿರಿ.

ಕಾರಣ ಗುರುತಿಸಲು ಚರ್ಮದ ಪರೀಕ್ಷೆ ಮಾಡುತ್ತಾರೆ. ಮುಂಗೈ ಮೇಲೆ ಬೇರೆ ಬೇರೆ ವಸ್ತುಗಳ ಸತ್ವದ ಒಂದೊಂದು ಹನಿ ಇಟ್ಟು ಸೂಜಿಮೊನೆಯಿಂದ ಮೆಲ್ಲಗೆ ತಾಗಿಸುತ್ತಾರೆ. 15-20 ನಿಮಿಷದಲ್ಲಿ ಎಲ್ಲಿ ಸೊಳ್ಳೆ ಕಡಿದಂತೆ ದದ್ದು ಏಳುತ್ತದೆ ಎಂದು ಅಳೆಯುತ್ತಾರೆ. ಸೆಟ್ರಿಜಿನ್, ಅವಿಲ್ ಮುಂತಾದ ಅಲರ್ಜಿ ಗುಳಿಗೆಗಳನ್ನು ಸುಮಾರು ಒಂದು ವಾರ ಮೊದಲೇ ನಿಲ್ಲಿಸಿರಬೇಕು, ಇಲ್ಲದಿದ್ದರೆ ಅಲರ್ಜಿ ಇದ್ದರೂ ದದ್ದು ಏಳುವುದಿಲ್ಲ. ಯಾವುದನ್ನು ನಿಲ್ಲಿಸಬೇಕೆಂದು ವೈದ್ಯರೇ ಹೇಳುತ್ತಾರೆ. ಬಿ.ಪಿ., ಸಕ್ಕರೆ, ಆಸ್ತಮಾ ಔಷಧಗಳನ್ನು ನಿಮ್ಮಷ್ಟಕ್ಕೆ ನೀವೇ ಬಿಡಬೇಡಿರಿ. ಚರ್ಮರೋಗವಿದ್ದರೆ ಅಥವಾ ಗುಳಿಗೆ ಬಿಡಲಾಗದಿದ್ದರೆ ರಕ್ತಪರೀಕ್ಷೆಯೂ ಇದೆ.

ದದ್ದು ಎದ್ದ ಮಾತ್ರಕ್ಕೆ ಅದೇ ರೋಗದ ಕಾರಣ ಎಂದಲ್ಲ. ಪರೀಕ್ಷೆಯ ಫಲವೂ ನಿಮ್ಮ ತೊಂದರೆಯ ಕಥೆಯೂ ಒಂದಕ್ಕೊಂದು ಹೊಂದಬೇಕು. ಕೆಲವರು ದೊಡ್ಡ ಮೊತ್ತ ಕೊಟ್ಟು ನೂರಾರು ಪದಾರ್ಥಗಳ ಪಟ್ಟಿಯ ವರದಿ ತಂದು, ಮಗುವಿಗೆ ಬಾಳೆಹಣ್ಣು, ಮೊಸರು, ಶೇಂಗಾ ಎಲ್ಲ ಬಿಡಿಸಿರುತ್ತಾರೆ. ಬರೀ ಮೂಗಿನ ತೊಂದರೆಗೆ ಊಟದ ಅಲರ್ಜಿ ಕಾರಣವಾಗುವುದು ವಿರಳ. ಮಗು ಸೊರಗುವುದು ಮಾತ್ರ ನಿಜ.

ಮೊದಲು ಮಾಡಬೇಕಾದದ್ದು

ಇಮ್ಯುನೊಥೆರಪಿ ಮೊದಲ ಹೆಜ್ಜೆಯಲ್ಲ. ಬಹಳ ಜನರಿಗೆ ಮೂಗಿಗೆ ಹೊಡೆಯುವ ಸ್ಟೀರಾಯ್ಡ್ ಸ್ಪ್ರೇ ಸರಿಯಾಗಿ ಬಳಸಿದರೆ ಸಾಕಾಗುತ್ತದೆ. 'ಸರಿಯಾಗಿ' ಎಂಬ ಮಾತಿಗೆ ಒತ್ತು ಕೊಡುತ್ತೇನೆ. ತಲೆ ಸ್ವಲ್ಪ ಮುಂದೆ ಬಾಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ಮೂಗಿನ ನಡುಗೋಡೆಗೆ ತಾಗದಂತೆ ಹೊರಬದಿಗೆ ಹೊಡೆಯಬೇಕು. ಜೋರಾಗಿ ಮೂಸಬಾರದು. ಒಂದೆರಡು ದಿನ ಹೊಡೆದು 'ಕೆಲಸ ಮಾಡಲಿಲ್ಲ' ಎಂದು ಬಿಡುವವರು ಹೆಚ್ಚು. ಪೂರ್ಣ ಗುಣ ಕಾಣಲು ಎರಡು ವಾರ ಬೇಕಾಗಬಹುದು. ಕಟ್ಟಿದ ಮೂಗನ್ನು ತಕ್ಷಣ ಬಿಡಿಸುವ ಹನಿಗಳು ಬೇರೆ. ಅವನ್ನು ಐದು ದಿನಕ್ಕಿಂತ ಹೆಚ್ಚು ಬಳಸಿದರೆ ಮೂಗು ಇನ್ನೂ ಬಿಗಿಯಾಗಿ ಕಟ್ಟತೊಡಗುತ್ತದೆ.

ಕುದಿಸಿ ಆರಿಸಿದ ಒಂದು ಲೋಟ (ಸುಮಾರು 250 ಮಿ.ಲೀ.) ನೀರಿಗೆ ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಮೂಗು ತೊಳೆಯುವುದೂ ಒಳ್ಳೆಯದು. ಜಲನೇತಿ ಗೊತ್ತಿದ್ದವರಿಗೆ ಇದು ಹೊಸದಲ್ಲ. ನಲ್ಲಿಯ ಹಸಿ ನೀರು ಮಾತ್ರ ಬೇಡ. ಹಾಸಿಗೆ ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ಚೆನ್ನಾಗಿ ಕಾದ ನೀರಿನಲ್ಲಿ (60 ಡಿಗ್ರಿ) ನೆನೆಸಿ ಒಗೆಯಿರಿ. ಗಾದಿ, ಕೌದಿಗಳನ್ನು ಕಡುಬಿಸಿಲಿಗೆ ಹಾಕಿರಿ. ಕೊಡವುವ ಕೆಲಸ ರೋಗಿಯದಲ್ಲ, ಮನೆಯ ಬೇರೆಯವರದು. ನುಸಿಯ ಪ್ರಮಾಣ ಇದರಿಂದ ಕಡಿಮೆಯಾದೀತು, ಪೂರ್ತಿ ಹೋಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ನಿದ್ದೆ ಕೆಡುತ್ತಿದ್ದರೆ, ಶಾಲೆ ಅಥವಾ ಕೆಲಸ ತಪ್ಪುತ್ತಿದ್ದರೆ, ಔಷಧ ನಿಲ್ಲಿಸಿದೊಡನೆ ತೊಂದರೆ ಮರಳುತ್ತಿದ್ದರೆ ಆಗ ಇಮ್ಯುನೊಥೆರಪಿಯ ಮಾತು ಬರುತ್ತದೆ.

ಇದು ಹೇಗೆ ಕೆಲಸ ಮಾಡುತ್ತದೆ?

ಮನೆ ಕಾಯುವ ನಾಯಿ ಕಳ್ಳನಿಗೆ ಬೊಗಳಿದರೆ ಒಳ್ಳೆಯದೇ. ದಿನವೂ ಹಾಲು ಹಾಕುವವನಿಗೂ ಬೊಗಳಿದರೆ? ಆಗ ನಾಯಿಗೆ ಅವನ ಪರಿಚಯ ಮಾಡಿಸಬೇಕಾಗುತ್ತದೆ, ಮೆಲ್ಲಮೆಲ್ಲಗೆ, ಮತ್ತೆ ಮತ್ತೆ. ಅಲರ್ಜಿಯಲ್ಲಿ ನಮ್ಮ ದೇಹದ ರಕ್ಷಣಾ ವ್ಯವಸ್ಥೆ ನಿರುಪದ್ರವಿ ಧೂಳಿನ ಮೇಲೆ ಎಗರಾಡುತ್ತಿರುತ್ತದೆ. ಅದೇ ನುಸಿಯ ಸತ್ವವನ್ನು ಅತಿ ಸ್ವಲ್ಪ ಪ್ರಮಾಣದಿಂದ ಆರಂಭಿಸಿ, ದೀರ್ಘಕಾಲ ಕ್ರಮವಾಗಿ ಕೊಟ್ಟರೆ ದೇಹ ಅದನ್ನು ಸಹಿಸಲು ಕಲಿಯುತ್ತದೆ. 1911ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ಲಿಯೊನಾರ್ಡ್ ನೂನ್ ಮತ್ತು ಜಾನ್ ಫ್ರೀಮನ್ ಎಂಬ ವೈದ್ಯರು ಹುಲ್ಲಿನ ಪರಾಗದ ಸತ್ವವನ್ನು ಚುಚ್ಚುಮದ್ದಾಗಿ ಕೊಟ್ಟು ಈ ದಾರಿ ತೆರೆದರು. ಅಂದರೆ ಇದು ನೂರು ವರ್ಷ ದಾಟಿದ ಚಿಕಿತ್ಸೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಹಳ್ಳಿಗಳಲ್ಲಿ 'ಅಲರ್ಜಿಗೆ ಒಂದು ಇಂಜೆಕ್ಷನ್, ಆರು ತಿಂಗಳು ಆರಾಮ' ಎಂದು ಸೊಂಟಕ್ಕೆ ಕೊಡುವ ಸೂಜಿ ಸಾಮಾನ್ಯವಾಗಿ ದೀರ್ಘಕಾಲ ಮೈಯಲ್ಲಿ ಉಳಿಯುವ ಸ್ಟೀರಾಯ್ಡ್. ಸೀನು ನಿಲ್ಲುತ್ತದೆ ನಿಜ. ಆದರೆ ಸಕ್ಕರೆ, ಬಿ.ಪಿ. ಏರಬಹುದು, ಮತ್ತೆ ಮತ್ತೆ ಪಡೆದರೆ ಮೂಳೆ ಸವೆಯಬಹುದು. ಅದು ಇಮ್ಯುನೊಥೆರಪಿ ಅಲ್ಲ. ಚೀಟಿಯಲ್ಲಿ ಏನು ಬರೆದಿದೆ ಎಂದು ಕೇಳುವ ಹಕ್ಕು ನಿಮಗಿದೆ.

ಚುಚ್ಚುಮದ್ದು

ತೋಳಿನ ಚರ್ಮದ ಕೆಳಗೆ ಕೊಡುತ್ತಾರೆ. ಆರಂಭದಲ್ಲಿ ವಾರಕ್ಕೊಮ್ಮೆ, ಪ್ರತಿ ಸಲ ಪ್ರಮಾಣ ಸ್ವಲ್ಪ ಸ್ವಲ್ಪ ಏರಿಸುತ್ತಾ ನಾಲ್ಕರಿಂದ ಆರು ತಿಂಗಳು. ಆಮೇಲೆ ತಿಂಗಳಿಗೊಮ್ಮೆ, ಒಟ್ಟು ಮೂರರಿಂದ ಐದು ವರ್ಷ. ಚುಚ್ಚಿದ ಜಾಗ ಕೆಂಪಾಗಿ ಊದಿ ತುರಿಸುವುದು ಸಾಮಾನ್ಯ, ಐಸ್ ಇಟ್ಟರೆ ಇಳಿಯುತ್ತದೆ.

ಅಪರೂಪಕ್ಕೆ, ಸಾವಿರ ಸಲದಲ್ಲಿ ಒಂದೆರಡು ಸಲ, ಇಡೀ ಮೈಗೆ ಪ್ರತಿಕ್ರಿಯೆ ಬರುತ್ತದೆ. ಬಹುಪಾಲು ಸೌಮ್ಯವೇ. ಆದರೆ ಕೆಲವೊಮ್ಮೆ ಪ್ರಾಣಾಪಾಯ. ಬ್ರಿಟನ್ನಿನಲ್ಲಿ ಈ ಚುಚ್ಚುಮದ್ದಿನಿಂದ ಸುಮಾರು ಮೂವತ್ತು ವರ್ಷಗಳಲ್ಲಿ 26 ಜನ ತೀರಿಕೊಂಡಿದ್ದರೆಂದು ಅಲ್ಲಿನ ಔಷಧ ಸುರಕ್ಷತಾ ಸಮಿತಿ 1986ರಲ್ಲಿ ವರದಿ ಮಾಡಿತು. ವಿವರ ಸಿಕ್ಕವರಲ್ಲಿ ಹೆಚ್ಚಿನವರು ಆಸ್ತಮಾ ಇದ್ದವರು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಚುಚ್ಚುಮದ್ದಿನ ನಂತರ ಅರ್ಧ ಗಂಟೆ ಇಲ್ಲೇ ಕೂಡಿರಿ ಎಂದು ಸಿಸ್ಟರ್ ಹೇಳುವುದು ಏಕೆ ಎಂಬುದು ತಿಳಿಯಲೆಂದು ಹೇಳುತ್ತಿದ್ದೇನೆ. ಗಂಭೀರ ಪ್ರತಿಕ್ರಿಯೆಗಳಲ್ಲಿ ಬಹುಪಾಲು ಮೊದಲ 30 ನಿಮಿಷದೊಳಗೇ ಬರುತ್ತವೆ. 'ಬಸ್ಸಿನ ಹೊತ್ತಾಯಿತು' ಎಂದು ಹತ್ತು ನಿಮಿಷಕ್ಕೇ ಎದ್ದು ಹೊರಡಬೇಡಿರಿ. ಬಸ್ಸಿನೊಳಗೆ ಅಡ್ರಿನಲಿನ್ ಇರುವುದಿಲ್ಲ.

ಕಾಯುವಾಗ ಅಂಗೈ, ಅಂಗಾಲು ತುರಿಸಿದರೆ, ಮೈಮೇಲೆ ದದ್ದು ಎದ್ದರೆ, ಒಮ್ಮೆಲೇ ಸೀನು ಶುರುವಾದರೆ, ಗಂಟಲು ಬಿಗಿದಂತೆ, ಧ್ವನಿ ಒಡೆದಂತೆ, ಎದೆ ಒತ್ತಿದಂತೆ, ಹೊಟ್ಟೆ ಹಿಂಡಿದಂತೆ, ತಲೆ ತಿರುಗಿದಂತೆ ಆದರೆ 'ನೋಡೋಣ, ಹೋದೀತು' ಎನ್ನದೆ ಕೂಡಲೇ ಕೂಗಿರಿ. ಜೊತೆಗೆ ಬಂದವರು ರೋಗಿಯ ಮುಖ ನೋಡುತ್ತಿರಬೇಕು, ಮೊಬೈಲ್ ಅಲ್ಲ. ಇದಕ್ಕೆ ಮೊದಲ ಔಷಧ ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್. ಅವಿಲ್, ಸ್ಟೀರಾಯ್ಡ್ ಅದರ ಬದಲಿಯಲ್ಲ. ಆದುದರಿಂದ ಅಡ್ರಿನಲಿನ್ ಸಿದ್ಧವಿರದ ಕಡೆ, ಮನೆಯಲ್ಲಿ, ಔಷಧ ಅಂಗಡಿಯಲ್ಲಿ ಈ ಚುಚ್ಚುಮದ್ದನ್ನು ಹಾಕಿಸಿಕೊಳ್ಳಲೇಬಾರದು. ಆ ದಿನ ಜ್ವರ ಅಥವಾ ಉಬ್ಬಸ ಇದ್ದರೆ ಮೊದಲೇ ತಿಳಿಸಿರಿ, ಡೋಸು ಮುಂದಕ್ಕೆ ಹಾಕುತ್ತಾರೆ. ಹಾಕಿಸಿಕೊಂಡ ದಿನ ಒಂದೆರಡು ತಾಸು ಭಾರದ ಕೆಲಸ, ಓಟ, ಬಿಸಿನೀರಿನ ಸ್ನಾನ ಬೇಡ.

ನಾಲಿಗೆಯಡಿಯ ಹನಿ ಮತ್ತು ಮಾತ್ರೆ

ಇಲ್ಲಿ ಸೂಜಿ ಇಲ್ಲ. ಸತ್ವದ ಹನಿಗಳನ್ನು ನಾಲಿಗೆಯ ಕೆಳಗೆ ಹಾಕಿ ಒಂದೆರಡು ನಿಮಿಷ ಇಟ್ಟುಕೊಂಡು ನುಂಗುವುದು. ಮೊದಲ ಡೋಸು ಆಸ್ಪತ್ರೆಯಲ್ಲಿ ವೈದ್ಯರ ಎದುರು, ಆಗಲೂ ಅರ್ಧ ಗಂಟೆ ಕಾಯಬೇಕು. ನಂತರ ಮನೆಯಲ್ಲೇ, ಸಾಮಾನ್ಯವಾಗಿ ದಿನವೂ. ನುಸಿಯ ಅಲರ್ಜಿಗೆ ನಾಲಿಗೆಯಡಿ ಕರಗುವ ಮಾತ್ರೆಯೂ ಇದ್ದು, ಯುರೋಪಿನಲ್ಲಿ 2015ರಲ್ಲಿ, ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಪಡೆಯಿತು.

ಮೊದಲ ಕೆಲವು ವಾರ ಬಾಯಿ, ಕಿವಿಯೊಳಗೆ ತುರಿಕೆ, ತುಟಿ ಸ್ವಲ್ಪ ಊದುವುದು, ಗಂಟಲು ಕೆರೆತ ಬರುವುದುಂಟು. ಹೆಚ್ಚಿನವರಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಪ್ರಾಣಾಪಾಯದ ಪ್ರತಿಕ್ರಿಯೆ ಚುಚ್ಚುಮದ್ದಿಗಿಂತ ಬಹಳ ವಿರಳ, ಅದಕ್ಕೇ ಮನೆಯಲ್ಲಿ ತೆಗೆದುಕೊಳ್ಳಲು ಬಿಡುತ್ತಾರೆ. ಆದರೆ 'ಇಲ್ಲವೇ ಇಲ್ಲ' ಎಂದಲ್ಲ. ಉಸಿರಾಟಕ್ಕೆ ತೊಂದರೆಯಾದರೆ ತಕ್ಷಣ ಆಸ್ಪತ್ರೆಗೆ ಬರಬೇಕು. ಬಾಯಿ ಹುಣ್ಣಾದಾಗ, ಹಲ್ಲು ಕೀಳಿಸಿದಾಗ ವೈದ್ಯರನ್ನು ಕೇಳಿ ಕೆಲವು ದಿನ ನಿಲ್ಲಿಸಬೇಕು. ಅನ್ನ ನುಂಗುವಾಗ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿದ್ದರೆ, ಎದೆಯುರಿ ಬಿಡದೆ ಕಾಡಿದರೆ ಮುಂದುವರಿಸದೆ ತೋರಿಸಿರಿ. ಹನಿಯ ಬಾಟಲಿಯನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಐಸ್ ಪೆಟ್ಟಿಗೆಯಲ್ಲಿ ಅಲ್ಲ. ಮನೆಯಲ್ಲಿ ಫ್ರಿಜ್ ಇಲ್ಲದವರು, ವರ್ಷದಲ್ಲಿ ನಾಲ್ಕಾರು ತಿಂಗಳು ದುಡಿಯಲು ಬೇರೆ ಊರಿಗೆ ಹೋಗುವವರು ಇದನ್ನು ಮೊದಲೇ ಹೇಳಬೇಕು.

ಹಾಗಾದರೆ ಯಾವುದು?

'ಯಾವುದು ಹೆಚ್ಚು ಪವರ್?' ಎಂದು ಎಲ್ಲರೂ ಕೇಳುತ್ತಾರೆ. ಎರಡೂ ಕೆಲಸ ಮಾಡುತ್ತವೆ ಎಂಬುದಕ್ಕೆ ಒಳ್ಳೆಯ ಆಧಾರಗಳಿವೆ. ಒಂದಕ್ಕೊಂದು ನೇರವಾಗಿ ಹೋಲಿಸಿದ ಅಧ್ಯಯನಗಳು ಕಡಿಮೆ. ಚುಚ್ಚುಮದ್ದು ಸ್ವಲ್ಪ ಮೇಲು ಎಂದು ಕೆಲವರು ಹೇಳಿದರೂ ಆ ಅಂತರವನ್ನು ನೋಡಿ ನಿರ್ಧರಿಸುವಷ್ಟು ದೊಡ್ಡದಲ್ಲ. ನನ್ನ ಅಭಿಪ್ರಾಯದಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ: ಮೂರು ವರ್ಷ ಬಿಡದೆ ನಡೆಸಲು ನನ್ನಿಂದ ಆಗುವುದು ಯಾವುದು?

ಲೆಕ್ಕ ಹಾಕಿರಿ. ಚುಚ್ಚುಮದ್ದಾದರೆ ಮೂರು ವರ್ಷದಲ್ಲಿ ಸುಮಾರು 50 ಸಲ ಆಸ್ಪತ್ರೆಗೆ ಬರಬೇಕು. ಪ್ರತಿ ಸಲ ಬಸ್ ಚಾರ್ಜು, ಅರ್ಧ ದಿನದ ಕೂಲಿ, ಮಗುವಾದರೆ ಜೊತೆಗೆ ಬರುವವರ ಕೂಲಿಯೂ ಸೇರಿ. ಹನಿಯಾದರೆ 1095 ದಿನ ಮರೆಯದೆ ಹಾಕಿಕೊಳ್ಳಬೇಕು, ಜಾತ್ರೆ, ಮದುವೆ, ಸುಗ್ಗಿ, ಪರೀಕ್ಷೆ ಏನೇ ಇರಲಿ. ಹತ್ತಿರದಲ್ಲೇ ಇದ್ದು ಬರಲು ಅನುಕೂಲವಿದ್ದರೂ ದಿನದ ಗುಳಿಗೆ ಮರೆಯುವ ಸ್ವಭಾವದವರಿಗೆ ಚುಚ್ಚುಮದ್ದು ಒಳ್ಳೆಯದು. ನಲವತ್ತು ಕಿಲೋಮೀಟರ್ ದೂರದ ಊರಿನವರಿಗೆ, ಸೂಜಿ ಕಂಡರೆ ಚೀರುವ ಮಗುವಿಗೆ, ಆದರೆ ಮನೆಯಲ್ಲಿ ನೆನಪಿಟ್ಟು ಹಾಕುವ ಅಜ್ಜಿಯೋ ತಾಯಿಯೋ ಇದ್ದರೆ, ಹನಿ ಒಳ್ಳೆಯದು.

ಇದು ಬರಿಯ ಉಪದೇಶವಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಆರು ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಚುಚ್ಚುಮದ್ದು ಆರಂಭಿಸಿದ ನೂರರಲ್ಲಿ 23 ಜನ, ನಾಲಿಗೆಯಡಿಯ ಔಷಧ ಆರಂಭಿಸಿದ ನೂರರಲ್ಲಿ ಕೇವಲ 7 ಜನ ಮೂರು ವರ್ಷ ಮುಟ್ಟಿದ್ದರು. ಮನೆಯಲ್ಲೇ ತೆಗೆದುಕೊಳ್ಳುವುದು ಸುಲಭ ಎನಿಸುತ್ತದೆ, ಬಿಡುವುದೂ ಅಷ್ಟೇ ಸುಲಭ. ಅರ್ಧಕ್ಕೆ ಬಿಟ್ಟರೆ ಆಗುವ ನಷ್ಟವೂ ತಿಳಿದಿದೆ. ಹುಲ್ಲಿನ ಪರಾಗದ ಅಲರ್ಜಿಗೆ ಮೂರು ನಾಲ್ಕು ವರ್ಷ ಚುಚ್ಚುಮದ್ದು ಪಡೆದವರಲ್ಲಿ, ನಿಲ್ಲಿಸಿ ಮೂರು ವರ್ಷವಾದರೂ ಗುಣ ಉಳಿದಿತ್ತೆಂದು 1999ರ ಬ್ರಿಟಿಷ್ ಅಧ್ಯಯನ ತೋರಿಸಿತು. ಅದೇ ಅಲರ್ಜಿಗೆ ಎರಡೇ ವರ್ಷ ನಾಲಿಗೆಯಡಿ ಮಾತ್ರೆ ಕೊಟ್ಟು ನಿಲ್ಲಿಸಿ ನೋಡಿದ ಲಂಡನ್ನಿನ ಅಧ್ಯಯನದಲ್ಲಿ (2017), ಒಂದು ವರ್ಷದ ನಂತರ ಹೇಳಿಕೊಳ್ಳುವ ಲಾಭ ಉಳಿದಿರಲಿಲ್ಲ. ಎರಡು ವರ್ಷದ ಖರ್ಚು ನೀರಿನಲ್ಲಿ ಹೋಮ ಮಾಡಿದಂತಾಯಿತು. ಆದುದರಿಂದ ಒಂದು ಬಾಟಲಿಯ ಬೆಲೆಯನ್ನಷ್ಟೇ ಕೇಳಬೇಡಿರಿ, ಮೂರು ವರ್ಷಕ್ಕೆ ಒಟ್ಟು ಎಷ್ಟಾಗುತ್ತದೆ ಎಂದು ಮೊದಲ ದಿನವೇ ಕೇಳಿರಿ. ಹೊಂದದಿದ್ದರೆ ಸ್ಪ್ರೇಯನ್ನೇ ಶಿಸ್ತಿನಿಂದ ಮುಂದುವರಿಸುವುದರಲ್ಲಿ ತಪ್ಪೇನೂ ಇಲ್ಲ.

ಸತ್ವದ ವಿಷಯದಲ್ಲೂ ಎಚ್ಚರ ಬೇಕು. ಬಾಟಲಿಯ ಮೇಲೆ ಯಾವ ವಸ್ತು, ಎಷ್ಟು ಪ್ರಮಾಣ, ಯಾವ ದಿನಾಂಕದವರೆಗೆ ಎಂದು ಸ್ಪಷ್ಟವಾಗಿ ಇರಬೇಕು. ಒಳ್ಳೆಯ ಆಧಾರವಿರುವುದು ನುಸಿ ಮತ್ತು ಪರಾಗಗಳಿಗೆ. ಹತ್ತು ಹನ್ನೆರಡು ವಸ್ತುಗಳನ್ನು ಒಂದೇ ಬಾಟಲಿಯಲ್ಲಿ ಬೆರೆಸಿದರೆ ಮುಖ್ಯವಾದದ್ದರ ಪ್ರಮಾಣವೇ ತೆಳುವಾಗುತ್ತದೆ. ತೊಡೆಸಂದಿನ ಹಾಲುಗಂಟಿಗೆ ಮೂರೇ ಚುಚ್ಚುಮದ್ದು ಕೊಡುವ ವಿಧಾನದ ಬಗ್ಗೆಯೂ ಕೆಲವರು ಕೇಳಿರಬಹುದು. ಅದು 2008ರಿಂದ ಅಧ್ಯಯನಗಳಲ್ಲಿದೆ, ಇನ್ನೂ ರೂಢಿಯ ಚಿಕಿತ್ಸೆಯಲ್ಲ.

ಯಾರಿಗೆ ಬೇಡ?

ಹತೋಟಿಗೆ ಬಾರದ ಆಸ್ತಮಾ ಇರುವವರಿಗೆ ಎರಡೂ ಬೇಡ, ಮೊದಲು ಉಬ್ಬಸ ಹತೋಟಿಗೆ ಬರಬೇಕು. ಬಿ.ಪಿ.ಗೆ, ಹೃದಯಕ್ಕೆ ಅಥವಾ ಕೈನಡುಕಕ್ಕೆ ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್ ತೆಗೆದುಕೊಳ್ಳುವವರಲ್ಲಿ ಆಪತ್ತಿನ ವೇಳೆ ಅಡ್ರಿನಲಿನ್ ಸರಿಯಾಗಿ ಕೆಲಸ ಮಾಡದಿರಬಹುದು. ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಕಣ್ಣಿನ ಹನಿಯೂ ಇದೇ ಗುಂಪಿನದು, ಅದನ್ನು ಹೇಳಲು ಬಹಳ ಜನ ಮರೆಯುತ್ತಾರೆ. ಕ್ಯಾನ್ಸರ್, ರೋಗನಿರೋಧಕ ಶಕ್ತಿಯ ಗಂಭೀರ ಕಾಯಿಲೆ ಇರುವವರೂ ತಿಳಿಸಬೇಕು. ಗರ್ಭಿಣಿಯರಿಗೆ ಹೊಸದಾಗಿ ಆರಂಭಿಸುವುದಿಲ್ಲ. ಚಿಕಿತ್ಸೆಯ ನಡುವೆ ಗರ್ಭ ನಿಂತರೆ ಸಂಕೋಚಪಡದೆ ಹೇಳಿರಿ, ಸಹಿಸಿಕೊಂಡಿದ್ದರೆ ಮುಂದುವರಿಸಬಹುದೇ ಎಂದು ವೈದ್ಯರು ನೋಡುತ್ತಾರೆ. ಮಕ್ಕಳಿಗೆ ಸಾಮಾನ್ಯವಾಗಿ ಐದು ವರ್ಷ ತುಂಬಿದ ಮೇಲೆ.

ಆರಂಭಿಸಿದ ಮೇಲೆ ಮೂರರಿಂದ ಆರು ತಿಂಗಳು ದೊಡ್ಡ ಬದಲಾವಣೆ ಕಾಣದಿದ್ದರೆ ಗಾಬರಿಯಾಗಬೇಡಿರಿ, ಸ್ಪ್ರೇಯನ್ನೂ ನಿಲ್ಲಿಸಬೇಡಿರಿ. ಒಂದು ಚಿಕ್ಕ ನೋಟುಪುಸ್ತಕದಲ್ಲಿ ವಾರಕ್ಕೊಮ್ಮೆ ಸೀನು, ಮೂಗು ಕಟ್ಟುವುದು, ನಿದ್ದೆ, ನುಂಗಿದ ಗುಳಿಗೆಗಳ ಲೆಕ್ಕ ಬರೆದಿಡಿರಿ. ವರ್ಷ ತುಂಬಿದಾಗ ಆ ಪುಸ್ತಕ ನೋಡಿಯೇ ಮುಂದುವರಿಸಬೇಕೋ ಬೇಡವೋ ಎಂದು ನಿರ್ಧರಿಸುತ್ತಾರೆ. ಒಂದು ವರ್ಷ ಸರಿಯಾಗಿ ತೆಗೆದುಕೊಂಡೂ ಏನೂ ಗುಣವಿಲ್ಲದಿದ್ದರೆ ನಿಲ್ಲಿಸುವುದೇ ಸರಿ.

ಮೊದಲ ಸಲ ಬರುವಾಗ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಗಳ ಪಟ್ಟಿಯನ್ನಲ್ಲ, ಔಷಧಗಳನ್ನೇ ಚೀಲದಲ್ಲಿ ಹಾಕಿಕೊಂಡು ಬನ್ನಿರಿ, ಕಣ್ಣಿನ ಹನಿ, ಇನ್‌ಹೇಲರ್ ಸೇರಿ. ಹಳೆಯ ವರದಿಗಳಿದ್ದರೆ ಅವೂ ಇರಲಿ. ಮಗುವನ್ನು ಕರೆತರುವವರು ಮನೆಯಲ್ಲಿ ಅದಕ್ಕೆ ದಿನವೂ ಔಷಧ ಹಾಕುವವರೇ ಆಗಿದ್ದರೆ ಒಳ್ಳೆಯದು.